ನೆರಳು ನೋಡಿ ಕಾರು ಹೇಳುವವರು

ಬೂದು ಹಿನ್ನೆಲೆ. ಅದರ ಮುಂದೆ ಮೂರೋ ನಾಲ್ಕೋ ಕಾರುಗಳ ಕಪ್ಪು ಆಕೃತಿ. ಬಣ್ಣವಿಲ್ಲ, ಹೆಸರಿಲ್ಲ, ಕಂಪನಿಯ ಲಾಂಛನವಿಲ್ಲ, ದೀಪ ಎಲ್ಲಿದೆಯೆಂದೂ ತಿಳಿಯದು. ಕಜುನೊರಿ ಯಮಾವುಚಿ ಎಂಬ ಜಪಾನಿ ತಮ್ಮ ಎಕ್ಸ್ ಖಾತೆಯಲ್ಲಿ ಯಾವುದೋ ವಾರಾಂತ್ಯ ಇಂಥದ್ದೊಂದು ಚಿತ್ರ ಹಾಕುತ್ತಾರೆ. ಜೊತೆಗೊಂದು ಸಾಲು ಇದ್ದರೆ ಇತ್ತು. ಆಮೇಲೆ ನಡೆಯುವುದನ್ನು ನೋಡಬೇಕು! ಕೆಲವೇ ನಿಮಿಷಗಳಲ್ಲಿ ಯಾರೋ ಒಬ್ಬರು ಮೊದಲ ಕಾರಿನ ಹೆಸರು ಹೇಳಿಬಿಟ್ಟಿರುತ್ತಾರೆ. ಇನ್ನೊಬ್ಬರು ಹೆಸರಿನೊಂದಿಗೆ ಅದು ತಯಾರಾದ ವರ್ಷವನ್ನೂ ಸೇರಿಸುತ್ತಾರೆ. ಮತ್ತೊಬ್ಬರು ಬಂದು, ಅದಲ್ಲ, ಮರುವರ್ಷದ ಮಾದರಿ, ಹಿಂಬದಿಯ ರೆಕ್ಕೆಯ ತುದಿ ಗಮನಿಸಿ ಎಂದು ತಿದ್ದುತ್ತಾರೆ. ಹಳೆಯ ಫೋಟೊಗಳನ್ನು ಹುಡುಕಿ ತಂದು, ಅದೇ ಕೋನಕ್ಕೆ ಹೊಂದಿಸಿ, ನೆರಳಿನ ಮೇಲೆ ಹೊದಿಸಿ, ಅಂಚಿಗೆ ಅಂಚು ಕೂಡುತ್ತದೆಯೇ ಎಂದು ಪರೀಕ್ಷಿಸುವವರೂ ಇದ್ದಾರೆ. ಮುಂದಿನ ವಾರ ಆಟದ ಅಪ್‌ಡೇಟ್ ಬಂದಾಗ ನೋಡಿದರೆ, ಎಷ್ಟೊಂದು ಹೆಸರುಗಳು ಸರಿ!

ಇದು ಗ್ರ್ಯಾನ್ ಟುರಿಸ್ಮೊ 7 ಎಂಬ ರೇಸಿಂಗ್ ಆಟದ ಅಭಿಮಾನಿಗಳ ಲೋಕ. ಆಡುವವರಿಗೆ ಇದೆಲ್ಲ ತೀರಾ ಪರಿಚಿತ. ಆದರೆ ಇವರು ಹೇಗೆ ಗುರುತು ಹಿಡಿಯುತ್ತಾರೆ ಎಂದು ಬೆನ್ನು ಹತ್ತಿದಾಗ ನನ್ನ ಮುಂದೆ ತೆರೆದುಕೊಂಡದ್ದು ಬೇರೆಯೇ ಒಂದು ಜಗತ್ತು. ಆ ಕಪ್ಪು ಅಂಚಿನಲ್ಲಿ ಕಾರಿನ ಹೆಸರಷ್ಟೇ ಇಲ್ಲ. ಒಂದು ದೇಶದ ರಸ್ತೆ ಕಾನೂನಿದೆ, ತೆರಿಗೆ ನೀತಿಯಿದೆ, ರೇಸಿನ ಅಪಘಾತಗಳಿಂದ ಕಲಿತ ಪಾಠವಿದೆ. ಹೊರಗೆರೆಯೊಂದರಲ್ಲಿ ಇಷ್ಟೆಲ್ಲ ತುಂಬಿರಲು ಸಾಧ್ಯವೆಂದು ನಾನಂತೂ ಎಣಿಸಿರಲಿಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ಗ್ರ್ಯಾನ್ ಟುರಿಸ್ಮೊ ಸರಣಿಯ ಮೊದಲ ಆಟ 1997ರ ಡಿಸೆಂಬರ್ 23ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ಯಮಾವುಚಿ ಮತ್ತು ಅವರ ಪುಟ್ಟ ತಂಡ ಅದಕ್ಕಾಗಿ ಸುಮಾರು 5 ವರ್ಷ ದುಡಿದಿತ್ತು. ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಆ ಆಟ ಕಾರನ್ನು ಬರೀ ಓಡಿಸುವ ವಸ್ತುವಾಗಿ ಕಾಣಲಿಲ್ಲ. ಸಂಗ್ರಹಿಸಬೇಕಾದ, ಓದಿ ತಿಳಿಯಬೇಕಾದ, ತೊಳೆದು ಇಟ್ಟುಕೊಳ್ಳಬೇಕಾದ ವಸ್ತುವಾಗಿ ಕಂಡಿತು. ಯಮಾವುಚಿ ಸ್ವತಃ ರೇಸ್ ಚಾಲಕ. 2011ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 24 ಗಂಟೆಗಳ ರೇಸಿನಲ್ಲಿ ನಿಸ್ಸಾನ್ ಜಿಟಿ-ಆರ್ ಓಡಿಸಿದ ತಂಡದಲ್ಲಿದ್ದು ತಮ್ಮ ವರ್ಗದಲ್ಲಿ ಗೆದ್ದವರು. ಏಳನೆಯ ಆಟ ಬಂದದ್ದು 2022ರ ಮಾರ್ಚ್ 4ರಂದು, ನಾನೂರಕ್ಕೂ ಹೆಚ್ಚು ಕಾರುಗಳೊಂದಿಗೆ. ಅಂದಿನಿಂದ ಅಪ್‌ಡೇಟುಗಳ ಮೂಲಕ ಒಂದೊಂದೇ ಹಿಡಿಯಷ್ಟು ಹೊಸ ಕಾರುಗಳು ಸೇರುತ್ತ ಬಂದಿವೆ. ಆ ಹಿಡಿಯಲ್ಲಿ ಏನಿದೆ ಎಂಬುದೇ ಈ ನೆರಳುಗಳ ಒಗಟು.

ಈಗ ಒಗಟಿನ ಒಳಗೆ ಹೋಗೋಣ. ನೆರಳಿನಲ್ಲಿ ನಿಮಗೊಂದು ಕಾರು ಕಾಣುತ್ತಿದೆ ಎಂದುಕೊಳ್ಳಿ. ಅದರ ಬಾನೆಟ್ಟಿನ ಮುಂಭಾಗದಲ್ಲಿ, ಚಕ್ರಗಳ ಮೇಲ್ಗಡೆ, ಎರಡು ಸಣ್ಣ ಮೊಗ್ಗುಗಳು ಎದ್ದು ನಿಂತಿವೆ. ನೂರರಲ್ಲಿ ತೊಂಬತ್ತು ಜನ ಅದನ್ನು ಗಮನಿಸುವುದೇ ಇಲ್ಲ. ಪಳಗಿದ ಅಭಿಮಾನಿಗೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು! ಅವು ಫೆಂಡರ್ ಕನ್ನಡಿಗಳು. ಜಪಾನಿನಲ್ಲಿ ತಯಾರಾಗಿ ಜಪಾನಿನಲ್ಲೇ ಓಡುವ ಕಾರುಗಳಿಗೆ ಬಾಗಿಲ ಮೇಲೆ ಕನ್ನಡಿ ಹಾಕಲು ಅನುಮತಿ ಸಿಕ್ಕಿದ್ದೇ 1983ರಲ್ಲಿ. ಅದಕ್ಕೂ ಮುಂಚಿನ ಕಾರುಗಳ ಕನ್ನಡಿ ಮುಂದಿನ ಫೆಂಡರಿನ ಮೇಲೆ, ಉದ್ದನೆಯ ಕಡ್ಡಿಯ ತುದಿಯಲ್ಲಿ ಕುಳಿತಿರಬೇಕಿತ್ತು. ಅಂದರೆ ಆ ಎರಡು ಮೊಗ್ಗುಗಳು ಕಂಡ ಕ್ಷಣ ಅಮೆರಿಕದ, ಯುರೋಪಿನ ಬಹುತೇಕ ಕಾರುಗಳು ಪಟ್ಟಿಯಿಂದ ಜಾರಿದವು, ಜಪಾನಿನ ಈಚಿನ ನಾಲ್ಕು ದಶಕಗಳೂ ಜಾರಿದವು. ಉಳಿದದ್ದು ಮುಖ್ಯವಾಗಿ ಅರವತ್ತು ಎಪ್ಪತ್ತರ ದಶಕಗಳ ಒಂದಿಷ್ಟು ನಿಸ್ಸಾನ್, ಟೊಯೊಟಾ, ಮಜ್ದಾಗಳು. ಸಾರಿಗೆ ಇಲಾಖೆಯ ಒಂದು ನಿಯಮ ನೆರಳಿನ ಅಂಚಿನಲ್ಲಿ ಎರಡು ಚುಕ್ಕೆಗಳಾಗಿ ನಿಂತಿದೆ!

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಸುಲಭ ಸೂತ್ರವಾಗುತ್ತಿತ್ತು. 2022ರ ಮೇ ತಿಂಗಳ ಅಪ್‌ಡೇಟಿನಲ್ಲಿ ಬಂದ ಒಂದು ಕಾರನ್ನು ನೋಡಿ. ಎತ್ತರದ ಮಾಡು, ಡಬ್ಬಿಯಂಥ ಹಿಂಭಾಗ, ಫೆಂಡರಿನ ಮೇಲೆ ಕನ್ನಡಿಗಳು. ಹಳೆಯ ಕಾರಿರಬೇಕೆಂದು ಸೂತ್ರ ಹೇಳುತ್ತದೆ. ಆದರೆ ಅದು 2017ರ ಟೊಯೊಟಾ ಜಪಾನ್ ಟ್ಯಾಕ್ಸಿ! ಟೋಕಿಯೊದ ಬೀದಿಗಳಲ್ಲಿ ಇಂದಿಗೂ ಓಡಾಡುವ ಕಡುನೀಲಿ ಬಾಡಿಗೆ ಕಾರು. ಕಾನೂನು ಬದಲಾದ ಮೇಲೂ ಜಪಾನಿನ ಟ್ಯಾಕ್ಸಿಗಳು ಫೆಂಡರ್ ಕನ್ನಡಿಯನ್ನು ಬಿಡಲಿಲ್ಲ. ಚಾಲಕ ತಲೆ ತಿರುಗಿಸಬೇಕಿಲ್ಲ, ಕಣ್ಣಿನ ತುಸು ಚಲನೆಯಲ್ಲೇ ಹಿಂದಿನದು ಕಾಣುತ್ತದೆ. ಇಕ್ಕಟ್ಟಿನ ಗಲ್ಲಿಗಳಲ್ಲಿ ಕಾರಿನ ಅಗಲವೂ ಹೆಚ್ಚುವುದಿಲ್ಲ. ಹಾಗಾಗಿ ಸೂತ್ರಕ್ಕೆ ತಿದ್ದುಪಡಿ: 1983ಕ್ಕೆ ಹಿಂದಿನದು, ಇಲ್ಲವೇ ಟ್ಯಾಕ್ಸಿ. ಇಂಥ ಅಪವಾದವನ್ನು ಪತ್ತೆ ಹಚ್ಚಬೇಕಾದರೆ ಟೋಕಿಯೊದ ಟ್ಯಾಕ್ಸಿ ಚಾಲಕರ ಅಭ್ಯಾಸವೂ ಗೊತ್ತಿರಬೇಕು. ಗೊತ್ತಿರುವವರು ಇದ್ದಾರೆ ಎಂಬುದೇ ನನ್ನ ಬೆರಗು.

ಅದೇ ಅಪ್‌ಡೇಟಿನಲ್ಲಿ ಆ ಟ್ಯಾಕ್ಸಿಯ ಜೊತೆಗೆ ಬಂದದ್ದು ಯಾವುದು ಗೊತ್ತೇ? 2021ರ ಲೆ ಮಾನ್ 24 ಗಂಟೆಗಳ ರೇಸ್ ಗೆದ್ದ ಟೊಯೊಟಾ ಜಿಆರ್010 ಹೈಬ್ರಿಡ್! ಊರಿನ ಬಾಡಿಗೆ ಕಾರು ಮತ್ತು ಜಗತ್ತಿನ ಅತಿ ವೇಗದ ರೇಸಿಂಗ್ ಯಂತ್ರಗಳಲ್ಲೊಂದು ಒಂದೇ ದಿನ, ಒಂದೇ ಆಟದೊಳಕ್ಕೆ. ಈ ಆಟಕ್ಕೆ ಆಂಬುಲೆನ್ಸ್ ಬಂದಿದೆ, ಸಾಮಾನು ಸಾಗಿಸುವ ಹೈಏಸ್ ವ್ಯಾನ್ ಬಂದಿದೆ, ಪುಟ್ಟ ಸುಜುಕಿ ಕ್ಯಾರಿ ಲಾರಿಯೂ ಬಂದಿದೆ. ರೇಸಿಂಗ್ ಆಟಕ್ಕೆ ಆಂಬುಲೆನ್ಸ್ ಏಕೆ ಎಂದು ಮುಖ ಸಿಂಡರಿಸುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಮನುಷ್ಯರು ಮಾಡಿದ ಕಾರುಗಳೆಲ್ಲ, ವೇಗದವೂ ನಿಧಾನದವೂ, ನೋಡಲು ಯೋಗ್ಯ ಎಂಬ ನಂಬಿಕೆ ಇದ್ದವರು ಮಾತ್ರ ಇಂಥ ಆಯ್ಕೆ ಮಾಡಬಲ್ಲರು. ಊಹೆಯ ಸುಖ ಹೆಚ್ಚಿದ್ದೂ ಅದರಿಂದಲೇ. ಬರೀ ಫೆರಾರಿ, ಪೋರ್ಶೆಗಳೇ ಬರುವಂತಿದ್ದರೆ ಹುಡುಕಬೇಕಾದ ಕಾಡು ಎಷ್ಟು ಚಿಕ್ಕದಾಗಿರುತ್ತಿತ್ತು!

ರೇಸಿಂಗ್ ಕಾರಿನ ನೆರಳಂತೂ ತನ್ನ ಹುಟ್ಟಿದ ವರ್ಷವನ್ನು ಮೈಮೇಲೆಯೇ ಬರೆದುಕೊಂಡಿರುತ್ತದೆ. ಒಂಟಿ ಸೀಟಿನ ಕಾರಿನಲ್ಲಿ ಚಾಲಕನ ತಲೆಯ ಸುತ್ತ ಬಳೆಯಂಥ ಚೌಕಟ್ಟು ಕಂಡರೆ ಅದು ಹೇಲೊ. ಫಾರ್ಮುಲಾ 1ರಲ್ಲಿ ಅದು ಕಡ್ಡಾಯವಾದದ್ದು 2018ರಲ್ಲಿ. ಹಾಗಾದರೆ ನೆರಳು ಆ ಕಾಲದ್ದು ಅಥವಾ ಅದರ ನಂತರದ್ದು. ಲೆ ಮಾನ್ ಮಾದರಿಯ ಕಾರಿನ ಬೆನ್ನ ಮೇಲೆ ಶಾರ್ಕ್ ಮೀನಿನ ಬೆನ್ನುರೆಕ್ಕೆಯಂತೆ ಉದ್ದಕ್ಕೆ ಒಂದು ಹಲಗೆ ನಿಂತಿದೆಯೇ? ಹೊಸ ಪ್ರೊಟೊಟೈಪುಗಳಿಗೆ ಅದನ್ನು 2011ರಿಂದ ಕಡ್ಡಾಯ ಮಾಡಲಾಯಿತು, ಅಡ್ಡ ತಿರುಗಿದ ಕಾರು ಗಾಳಿಗೆ ಹಾರಬಾರದೆಂದು. ಹಿಂಬದಿಯ ರೆಕ್ಕೆಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದಾರೋ, ಮೇಲಿನಿಂದ ಬಾಗಿ ಬಂದ ಕಂಬಗಳು ತೂಗುಹಾಕಿವೆಯೋ ಎಂಬುದೂ ಸುಳಿವೇ. ಮೇಲಿನಿಂದ ಹಿಡಿಯುವ ವಿನ್ಯಾಸ ಎದ್ದು ಕಂಡದ್ದು 2009ರ ಆಡಿ ಆರ್15 ಕಾರಿನಲ್ಲಿ. ರೆಕ್ಕೆಯ ಅಡಿಭಾಗದಲ್ಲಿ ಗಾಳಿ ಅಡೆತಡೆಯಿಲ್ಲದೆ ಹರಿದರೆ ಕಾರನ್ನು ನೆಲಕ್ಕೆ ಒತ್ತುವ ಬಲ ಹೆಚ್ಚುತ್ತದೆಂದು ಕಂಡುಕೊಂಡ ಮೇಲೆ ಹಲವರು ಆ ದಾರಿ ಹಿಡಿದರು. ಹೀಗೆ ಒಂದೊಂದು ಬಾಗು, ಒಂದೊಂದು ಕಂಬ ಕಾಲವನ್ನು ಕಿರಿದುಗೊಳಿಸುತ್ತ ಹೋಗುತ್ತದೆ. ಇಳಿಹೊತ್ತಿನಲ್ಲಿ ಗದ್ದೆಯ ಬದುವಿನ ಆ ತುದಿಯಲ್ಲಿ ಬರುತ್ತಿರುವವರು ಯಾರೆಂದು ಮುಖ ಕಾಣುವ ಮೊದಲೇ ನಡಿಗೆಯಿಂದ ಹೇಳುವ ಹಳ್ಳಿಯ ಹಿರಿಯರ ಕಣ್ಣು ಇವರಿಗೆ.

ಆದರೂ ಕೆಲವು ನೆರಳುಗಳು ಬಾಯಿ ಬಿಡುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದ ಮೂರು ಕಾರುಗಳಲ್ಲಿ ಸುಬಾರು ಬಿಆರ್‌ಝೆಡ್ ಒಂದು. ಅದಕ್ಕೊಂದು ಅವಳಿ ಇದೆ: ಟೊಯೊಟಾ ಜಿಆರ್86. ಎರಡು ಕಂಪನಿಗಳು ಕೂಡಿ ರೂಪಿಸಿದ, ಜಪಾನಿನ ಗುಮ್ಮಾ ಪ್ರಾಂತ್ಯದ ಸುಬಾರು ಕಾರ್ಖಾನೆಯಲ್ಲೇ ತಯಾರಾಗುವ ಜೋಡಿ. ಮಾಡು ಒಂದೇ, ಬಾಗಿಲು ಒಂದೇ. ವ್ಯತ್ಯಾಸವಿರುವುದು ಮುಖ್ಯವಾಗಿ ಮುಂದಿನ ಬಂಪರಿನ ಬಾಯಿಯಲ್ಲಿ. ಅದನ್ನು ಕತ್ತಲು ನುಂಗಿಬಿಡುತ್ತದೆ. ಹಾಗಾದರೆ ಹೇಗೆ ಹೇಳುವುದು? ಇಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ತರ್ಕ ಬರುತ್ತದೆ. ಒಂಟಿ ಕಾರನ್ನು ನೋಡಬಾರದು, ಅದರ ಜೊತೆಗಾರರನ್ನೂ ನೋಡಬೇಕು! ಅದೇ ಅಪ್‌ಡೇಟಿನಲ್ಲಿ ಅದೇ ಮಾಡಿನ, ಅಗಲ ಮೈಯ, ದೊಡ್ಡ ರೆಕ್ಕೆಯ ರೇಸಿಂಗ್ ಕಾರೊಂದೂ ಇತ್ತು. ಜಪಾನಿನ ಸೂಪರ್ ಜಿಟಿ ಸರಣಿಯ ಜಿಟಿ300 ವರ್ಗದಲ್ಲಿ 2021ರ ಚಾಂಪಿಯನ್ ಪಟ್ಟ ಗೆದ್ದದ್ದು ಬಿಆರ್‌ಝೆಡ್. ಗೆದ್ದ ಕಾರನ್ನು ಆಟಕ್ಕೆ ತಂದರೆ ಅದರ ರಸ್ತೆಯ ಸೋದರನನ್ನೂ ಜೊತೆಗೆ ತರುವುದು ಸಹಜ. ಅಂಚು ಹೇಳದೆ ಉಳಿಸಿದ್ದನ್ನು ರೇಸಿನ ಫಲಿತಾಂಶಪಟ್ಟಿ ಹೇಳಿಬಿಡುತ್ತದೆ.

ಆ ಮೂರರಲ್ಲಿ ಇನ್ನೊಂದು ಸುಜುಕಿ ಕ್ಯಾಪುಚೀನೊ. ಉದ್ದ ಮೂಗು, ಹಿಡಿಯಷ್ಟು ಕ್ಯಾಬಿನ್, ದೇಹಕ್ಕೆ ಹೋಲಿಸಿದರೆ ದೊಡ್ಡದೆನಿಸುವ ಚಕ್ರಗಳು. ಚಕ್ರ ದೊಡ್ಡದಲ್ಲ, ದೇಹ ಚಿಕ್ಕದು! ಅದು ಜಪಾನಿನ ಕೇ ವರ್ಗದ ಕಾರು. ಈ ವರ್ಗಕ್ಕೆ ತೆರಿಗೆ, ವಿಮೆಗಳಲ್ಲಿ ರಿಯಾಯಿತಿ ಇದೆ. ಬದಲಿಗೆ ಅಳತೆಯ ಮಿತಿ ಮೀರುವಂತಿಲ್ಲ. ಕ್ಯಾಪುಚೀನೊ ಬಂದ 1991ರಲ್ಲಿ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಎಂಜಿನ್ 660 ಸಿಸಿ ದಾಟುವಂತಿರಲಿಲ್ಲ. ತೆರಿಗೆ ಅಧಿಕಾರಿಯ ಅಳತೆಪಟ್ಟಿಯೊಳಗೆ ಸ್ಪೋರ್ಟ್ಸ್ ಕಾರಿನ ಕನಸನ್ನು ಮಡಚಿ ಕೂರಿಸಿದ್ದರ ಫಲ ಆ ವಿಚಿತ್ರ ಪ್ರಮಾಣ. ನಮಗಂತೂ ಈ ಕೇ ವಂಶ ದೂರದ್ದಲ್ಲ. 1983ರ ಡಿಸೆಂಬರ್‌ನಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800ರ ಮೂಲ ಸುಜುಕಿ ಆಲ್ಟೊ ಎಂಬ ಕೇ ಕಾರು. ಓಮ್ನಿ ಹುಟ್ಟಿದ್ದು ಕ್ಯಾರಿಯಿಂದ. ಜಿಪ್ಸಿ ಅಂದರೆ ಉದ್ದವಾಗಿಸಿದ ಜಿಮ್ನಿ. ಹಾಗಾಗಿ ಗ್ರ್ಯಾನ್ ಟುರಿಸ್ಮೊದ ಪರದೆಯ ಮೇಲೆ ಕ್ಯಾರಿಯ ಚಪ್ಪಟೆ ಮುಖದ ಆಕೃತಿ ಬಂದಾಗ ಮಲೆನಾಡಿನ ಘಾಟಿಯಲ್ಲಿ ಓಮ್ನಿ ಹತ್ತಿ ಮದುವೆಗೆ ಹೋಗಿ ಬಂದ ಕನ್ನಡಿಗ ಹುಡುಗನಿಗೆ ಅದರಲ್ಲಿ ಹಳೆಯ ಬಂಧುವಿನ ಚಹರೆ ಸಿಕ್ಕೀತು.

ಇನ್ನು ಕೆಲವು ನೆರಳುಗಳು ಒಗಟೇ ಅಲ್ಲ, ನೇರ ಘೋಷಣೆ. 2022ರ ಜೂನ್‌ನಲ್ಲಿ ಬಂದ ಸುಜುಕಿ ಎಸ್ಕುಡೊ ಪೈಕ್ಸ್ ಪೀಕ್ ಅಂಥದ್ದು. ಮುಂದೊಂದು, ಹಿಂದೊಂದು ಬಾಗಿಲಿನಷ್ಟು ದೊಡ್ಡ ರೆಕ್ಕೆ. ಅಮೆರಿಕದ ಕೊಲರಾಡೊದಲ್ಲಿ 4,302 ಮೀಟರ್ ಎತ್ತರದ ಶಿಖರದವರೆಗೆ ಬೆಟ್ಟ ಹತ್ತುವ ರೇಸಿಗೆಂದೇ ಮಾಡಿದ, ಸಾವಿರದ ಆಸುಪಾಸು ಅಶ್ವಶಕ್ತಿಯ ಕಾರು. ಓಡಿಸುತ್ತಿದ್ದವರು ‘ಮಾನ್‌ಸ್ಟರ್’ ಎಂದೇ ಹೆಸರಾದ ನೊಬುಹಿರೊ ತಾಜಿಮಾ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ಸಣ್ಣ ರೆಕ್ಕೆ ಕೆಲಸಕ್ಕೆ ಬಾರದು. ಅದಕ್ಕೇ ಆ ಗಾತ್ರ. 1999ರ ಗ್ರ್ಯಾನ್ ಟುರಿಸ್ಮೊ 2 ಆಡಿದ ಮಕ್ಕಳಿಗೆ ಎಸ್ಕುಡೊ ಸೋಲಿಲ್ಲದ ಸರದಾರ. ಆ ಮಕ್ಕಳಿಗೆ ಈಗ ನಲವತ್ತರ ಹತ್ತಿರ ವಯಸ್ಸು, ಅವರಲ್ಲೇ ಕೆಲವರು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರನ್ನು ಮತ್ತೆ ಓಡಿಸಿದರು.

ಇಲ್ಲೊಂದು ವಿಷಯ ತಲೆಗೆ ಹೊಕ್ಕ ಮೇಲೆ ಈ ಊಹೆಗಳನ್ನು ನೋಡುವ ನನ್ನ ರೀತಿಯೇ ಬದಲಾಯಿತು. ಈಗಿನ ಗುಣಮಟ್ಟದಲ್ಲಿ ಒಂದು ಕಾರನ್ನು ಆಟಕ್ಕಾಗಿ ರೂಪಿಸಲು ಒಬ್ಬ ಕುಶಲಕರ್ಮಿಗೆ ಹಲವು ತಿಂಗಳು ಬೇಕೆಂದು ಯಮಾವುಚಿ ಹೇಳಿದ್ದಾರೆ. ಮೊದಲ ಆಟದ ಕಾಲದಲ್ಲಿ ಅದು ಒಂದು ದಿನದ ಕೆಲಸವಾಗಿತ್ತು! ನಿಜವಾದ ಕಾರನ್ನು ಲೇಸರಿನಿಂದ ಅಳೆಯುವುದು, ರಾಶಿ ರಾಶಿ ಫೋಟೊ ತೆಗೆಯುವುದು, ಎಂಜಿನಿನ ಸದ್ದು ಹಿಡಿಯುವುದು, ಸೀಟಿನ ಹೊಲಿಗೆಯವರೆಗೆ ಕೆತ್ತುವುದು. ಹಾಗಾದರೆ ಇಂದು ಅಭಿಮಾನಿಗಳು ಊಹಿಸುತ್ತಿರುವುದು ಮುಂದಿನದನ್ನಲ್ಲ, ಹಿಂದೆ ಎಂದೋ ಟೋಕಿಯೊದ ಕೋಣೆಯೊಂದರಲ್ಲಿ ಯಾರೋ ತೀರ್ಮಾನಿಸಿ, ತಿಂಗಳುಗಟ್ಟಲೆ ಕಣ್ಣು ನೆಟ್ಟು ಮುಗಿಸಿದ ಕೆಲಸವನ್ನು. ಆ ಕಪ್ಪು ಬಣ್ಣದ ಕೆಳಗೆ ಪ್ರತಿ ತಿರುಪೂ ಆಗಲೇ ತನ್ನ ಜಾಗದಲ್ಲಿದೆ.

ಲೈಸೆನ್ಸಿನ ಲೆಕ್ಕವೂ ಬೇರೆ ಇದೆ. ಎಷ್ಟೋ ವರ್ಷ ಈ ಸರಣಿಯಲ್ಲಿ ಪೋರ್ಶೆ ಎಂಬ ಹೆಸರೇ ಇರಲಿಲ್ಲ, ಆ ಹಕ್ಕು ಇನ್ನೊಂದು ಆಟದ ಕಂಪನಿಯ ಬಳಿ ಇತ್ತು. ಪೋರ್ಶೆಯ ಮೈಕಟ್ಟಿನ ಮೇಲೆ ತನ್ನದೇ ಕಾರು ಕಟ್ಟುವ, ಜರ್ಮನಿಯಲ್ಲಿ ಸ್ವತಂತ್ರ ತಯಾರಕನೆಂದೇ ಮಾನ್ಯವಾದ ರೂಫ್ ಸಂಸ್ಥೆಯ ಕಾರುಗಳು ಆ ಜಾಗ ತುಂಬಿದವು. 2016ರ ಕೊನೆಗೆ ಆ ಒಪ್ಪಂದ ಮುಗಿಯಿತು, 2017ರ ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್‌ಗೆ ಪೋರ್ಶೆ ಬಂತು. ಒಳ್ಳೆಯ ಊಹೆಗಾರರು ಇಂಥ ಒಪ್ಪಂದಗಳ ಗಡುವನ್ನೂ ನೆನಪಿಟ್ಟಿರುತ್ತಾರೆ.

ಆಟದ ಕಡತಗಳ ಒಳಗೇ ಇಳಿದು ಹುಡುಕುವವರ ಪಂಥ ಇನ್ನೊಂದು. ಇವರ ಸಾಧನೆಗಳಲ್ಲಿ ನನಗೆ ಮೈ ಜುಮ್ಮೆನಿಸಿದ್ದು 2023ರದು. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಗ್ರ್ಯಾನ್ ಟುರಿಸ್ಮೊ 4ರಲ್ಲಿ ಯಾರಿಗೂ ಗೊತ್ತಿರದ ರಹಸ್ಯ ಸಂಕೇತಗಳಿವೆ ಎಂಬುದು ಹತ್ತೊಂಬತ್ತು ವರ್ಷಗಳ ಹತ್ತಿರ ಹತ್ತಿರ ಕಳೆದ ಮೇಲೆ ಬಯಲಾಯಿತು! ಕಂಟ್ರೋಲರಿನ ಗುಂಡಿಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೆ ಆಟದ ಹಣ ಒಂದು ಕೋಟಿಯಷ್ಟು ಜಮೆಯಾಗುತ್ತದೆ. ಇನ್ನೊಂದು ಕ್ರಮದಲ್ಲಿ ಒತ್ತಿದರೆ ರೇಸ್ ಗೆದ್ದಂತಾಗುತ್ತದೆ. ಅವು ಕೆಲಸ ಮಾಡಬೇಕಾದರೆ ಆಟದೊಳಗಿನ ಕ್ಯಾಲೆಂಡರಿನಲ್ಲಿ 365 ದಿನ ಕಳೆದಿರಬೇಕು. ಲಕ್ಷಾಂತರ ಮನೆಗಳಲ್ಲಿ, ಲಕ್ಷಾಂತರ ಡಿಸ್ಕುಗಳಲ್ಲಿ ಆ ಗುಟ್ಟು ಸುಮ್ಮನೆ ಕುಳಿತಿತ್ತು. ಕಡತದ ಸಾಲು ಸಾಲು ಬಿಡಿಸಿ ಓದಿದ ಅಭಿಮಾನಿಗಳು ಅದನ್ನು ಹೊರತೆಗೆದರು. ಇದನ್ನು ಕಣ್ಣಾರೆ ಕಂಡವರಿಗೆ ಈಗಿನ ಆಟದ ಪ್ರತಿಯೊಂದು ಅಪ್‌ಡೇಟಿನಲ್ಲೂ ಇನ್ನೇನೋ ಅಡಗಿರಬಹುದು ಎನಿಸಿದರೆ ತಪ್ಪೇನು?

ಅಡಗಿರದಿದ್ದದ್ದೂ ಕೆಲವೊಮ್ಮೆ ಎದ್ದು ಬರುತ್ತದೆ. 2024ರ ಜುಲೈ ಅಪ್‌ಡೇಟಿನಲ್ಲಿ ಕಾರಿನ ಚಲನೆಯ ಭೌತಲೆಕ್ಕವನ್ನು ಬದಲಿಸಿದಾಗ ಕೆಲವು ಕಾರುಗಳು ನಿಂತಲ್ಲೇ ಪುಟಿದು ಆಕಾಶಕ್ಕೆ ಹಾರಿದವು! ಅದನ್ನು ಬೇಗನೇ ಸರಿಪಡಿಸಲಾಯಿತು. ಆದರೆ ಅದೇ ಅಪ್‌ಡೇಟಿನಲ್ಲಿ ಬಂದ ಇನ್ನೊಂದು ಉಡುಗೊರೆಗೆ ಹಳಬರ ಕಣ್ಣು ತುಂಬಿ ಬಂತು: ಐಗರ್ ನಾರ್ಡ್‌ವಾಂಡ್. ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಬುಡದ ಆ ಹಾದಿ ಐದನೆಯ, ಆರನೆಯ ಆಟಗಳಲ್ಲಿದ್ದು ಆಮೇಲೆ ಕಾಣೆಯಾಗಿತ್ತು.

ಕಾರುಗಳಿಗಿಂತ ಟ್ರ್ಯಾಕುಗಳ ಊಹೆಯೇ ನನಗೆ ಹೆಚ್ಚು ಪ್ರಿಯ. ಟ್ರ್ಯಾಕಿಗೆ ನೆರಳಿಲ್ಲ. ಮುಂಚಿನ ವಾರಾಂತ್ಯದಲ್ಲಿ ಸುಳಿವು ಸಿಗಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಇಲ್ಲಿ ನಡೆಯುವುದು ಶುದ್ಧ ಹಂಬಲದ ತರ್ಕ. 2022ರ ಜೂನ್‌ನಲ್ಲಿ ವಾಟ್ಕಿನ್ಸ್ ಗ್ಲೆನ್ ಬಂತು, ಅದೇ ನವೆಂಬರ್‌ನಲ್ಲಿ ರೋಡ್ ಅಟ್ಲಾಂಟಾ. 2023ರ ಫೆಬ್ರವರಿಯಲ್ಲಿ ಗ್ರ್ಯಾಂಡ್ ವ್ಯಾಲಿ, ನವೆಂಬರ್‌ನಲ್ಲಿ ಕೆನಡಾದ ಹಿಮದ ನಡುವಿನ ಲೇಕ್ ಲೂಯಿಸ್. 2025ರ ಡಿಸೆಂಬರ್‌ನ ದೊಡ್ಡ ಅಪ್‌ಡೇಟಿಗೆ ಅಬುಧಾಬಿಯ ಯಾಸ್ ಮರೀನಾ ಮತ್ತು ಮಾಂಟ್ರಿಯಲ್‌ನ ಜಿಲ್ ವಿಲ್ನವ್ ಸರ್ಕಿಟ್. ಇವುಗಳಲ್ಲಿ ಗ್ರ್ಯಾಂಡ್ ವ್ಯಾಲಿಯ ಮರಳಿಕೆಯೇ ಎಲ್ಲರ ಊಹೆಗೆ ಹೊಸ ದಾರಿ ತೋರಿಸಿದ್ದು. ಮೊದಲ ಆಟದಿಂದ ಇದ್ದ ಈ ಕಲ್ಪಿತ ಟ್ರ್ಯಾಕಿಗೆ ಊರಿರಲಿಲ್ಲ, ದೇಶವಿರಲಿಲ್ಲ. ಮರಳಿ ಬಂದಾಗ ಅದು ಕ್ಯಾಲಿಫೋರ್ನಿಯಾದ ಹೈವೇ 1ರ ಕಡಲ ದಂಡೆಯಲ್ಲಿತ್ತು! ಡೀಪ್ ಫಾರೆಸ್ಟ್ ಸ್ವಿಟ್ಜರ್ಲೆಂಡಿನಲ್ಲಿ, ಹೈ ಸ್ಪೀಡ್ ರಿಂಗ್ ಜಪಾನಿನಲ್ಲಿ ನೆಲೆ ಕಂಡಿವೆ. ಬಾಲ್ಯದಲ್ಲಿ ಎಲ್ಲಿಯೂ ಇಲ್ಲದ ಜಾಗಗಳಾಗಿದ್ದವು ಈಗ ಭೂಪಟದ ಮೇಲೆ ಒಂದೊಂದಾಗಿ ಬಂದು ಕೂರುತ್ತಿವೆ.

ಹಾಗಾದರೆ ಮುಂದೇನು? ಆರನೆಯ ಆಟದಲ್ಲಿದ್ದ ಸಿಲ್ವರ್‌ಸ್ಟೋನ್ ಏಳರಲ್ಲಿ ಕಾಣಿಸಿಲ್ಲ ಎಂಬ ಕೊರಗು ಬ್ರಿಟನ್ನಿನವರದು. ಇಳಿಜಾರು ಬೀದಿಗಳಲ್ಲಿ ಕಾರು ನೆಲ ಬಿಟ್ಟು ಹಾರುತ್ತಿದ್ದ ಸಿಯಾಟಲ್ ಬೇಕೆಂಬುದು ಎಷ್ಟೋ ಜನರ ಹಟ. ನನ್ನ ಮತವೂ ಅದಕ್ಕೇ. ಸಿಯಾಟಲ್ ಬಂದರೆ ಯಾವ ಸಿಯಾಟಲ್ ಬರಬೇಕು? ಅದು ಮೊದಲು ಆಟಕ್ಕೆ ಬಂದ 1999ರಲ್ಲಿ ಆ ನಗರದಲ್ಲಿ ಕಿಂಗ್‌ಡೋಮ್ ಕ್ರೀಡಾಂಗಣವಿತ್ತು. ಮರುವರ್ಷ ಅದನ್ನು ಸ್ಫೋಟಿಸಿ ಕೆಡವಿದರು. ಕಡಲ ದಂಡೆಯ ಎರಡಂತಸ್ತಿನ ಮೇಲ್ರಸ್ತೆಯನ್ನು 2019ರಲ್ಲಿ ತೆಗೆದರು. ಈಗಿನ ನಗರವನ್ನು ಲೇಸರಿನಿಂದ ಅಳೆದು ತಂದರೆ ಹಳಬರ ನೆನಪಿನ ಊರು ಅಲ್ಲಿರುವುದಿಲ್ಲ. ಹಳೆಯದನ್ನೇ ತರೋಣವೆಂದರೆ ಅಳೆಯಲು ಆ ಊರು ಉಳಿದಿಲ್ಲ. ಹಳೆಯ ಆಟಗಳ ಮಿಡ್‌ಫೀಲ್ಡ್ ಮತ್ತು ಏಪ್ರಿಕಾಟ್ ಹಿಲ್ ಟ್ರ್ಯಾಕುಗಳಿಗೆ ಆ ತೊಡಕಿಲ್ಲ. ಅವು ಕಲ್ಪಿತ, ಯಾವ ದೇಶದಲ್ಲಿ ಬೇಕಾದರೂ ಹುಟ್ಟಬಹುದು. ಮಿಡ್‌ಫೀಲ್ಡಿನ ಸುರಂಗ, ಅದರ ಮೇಲೆ ದಾಟುವ ಸೇತುವೆ, ಏರಿಳಿತಗಳಿಗೆ ಒಪ್ಪುವ ಗುಡ್ಡ ಯಾವ ದೇಶದ್ದು ಎಂದು ಈಗ ಚರ್ಚೆ. 2027ರ ಡಿಸೆಂಬರ್‌ಗೆ ಸರಣಿಗೆ 30 ವರ್ಷ ತುಂಬುತ್ತದೆ, ಅಷ್ಟರೊಳಗೆ ಎಂಟನೆಯ ಆಟದ ಸುಳಿವು ಸಿಗಬಹುದೆಂದು ಕೆಲವರು, ಅದಕ್ಕೂ ಮೊದಲು ಏಳರಲ್ಲೇ ಮಿಡ್‌ಫೀಲ್ಡ್ ಬರುತ್ತದೆಂದು ಇನ್ನು ಕೆಲವರು. ನಾನು ಎರಡನೆಯವರ ಕಡೆ. ಗುಡ್ಡ ಜಪಾನಿನದೇ ಇರಲಿ ಎಂಬುದು ನನ್ನ ಆಸೆ.